ಹೊಗೆಯಿಲ್ಲದ ಬೆಂಕಿ

ಪೆದ್ದೆಮುಲ್‌ನಲ್ಲಿ ಯಾರ ಮನೆಯ ಹಗೇವು ತೆಗೆಯಬೇಕಾದರೂ ಮೊದಲು ಕರೆ ಹೋಗುತ್ತಿದ್ದುದು ತುಳಜಪ್ಪನಿಗೆ. ಹಗೇವು ಎಂದರೆ ಜೋಳ ತುಂಬಿಡಲು ನೆಲದಲ್ಲಿ ತೋಡಿದ ಗುಂಡಿ. ಅದರ ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣದು, ಹೊಟ್ಟೆ ಮಾತ್ರ ಒಂದು ಕೋಣೆಯಷ್ಟು ದೊಡ್ಡದು. ಕಾಳು ತುಂಬಿ, ಬಾಯಿಗೆ ಫರಸಿ ಎಂಬ ಚಪ್ಪಡಿ ಕಲ್ಲು ಮುಚ್ಚಿ, ಬೂದಿ ಕಲಸಿದ ಮಣ್ಣು ಮೆತ್ತಿಬಿಟ್ಟರೆ ಮಳೆಗಾಲದ ಮೇಲೆ ಮಳೆಗಾಲ ಕಳೆದರೂ ಒಳಗೆ ಹುಳ ಹುಟ್ಟುತ್ತಿರಲಿಲ್ಲ. ಹುಳವೇ ಬದುಕದ ಜಾಗದಲ್ಲಿ ಮನುಷ್ಯ ಬದುಕಿಯಾನೆ? ಮುಚ್ಚಿದ ಹಗೇವಿನ ಹವೆ ಸತ್ತ ಹವೆ. ಅದನ್ನು ತಿಳಿಯದೆ ಇಳಿದವನು ಕೂಗಲೂ ಪುರಸೊತ್ತಿಲ್ಲದೆ ಜೋಳದ ಮೇಲೆ ಒರಗಿಬಿಡುತ್ತಿದ್ದ.

ತುಳಜಪ್ಪನ ಕೆಲಸಕ್ಕೆ ಒಂದು ಕ್ರಮವಿತ್ತು. ಬೆಳಗ್ಗೆ ಕಲ್ಲು ಸರಿಸಿ ಸುಮ್ಮನೆ ಕೂಡುವುದು. ಬಿಸಿಲೇರಿದ ಮೇಲೆ ಬೇವಿನ ದೊಡ್ಡ ಟೊಂಗೆಯನ್ನು ಹಗ್ಗಕ್ಕೆ ಕಟ್ಟಿ ಬಾವಿಯಲ್ಲಿ ಕೊಡ ಸೇದಿದಂತೆ ಇಳಿಸುವುದು, ಎತ್ತುವುದು. ಹಾಗೆ ಮಾಡಿ ಒಳಗಿನ ಹವೆ ಕಡೆದು ಹೊರಗೆ ತರುವುದು. ಕೊನೆಗೆ ಎಣ್ಣೆಯ ದೀಪವೊಂದನ್ನು ಇಳಿಬಿಡುವುದು. ದೀಪ ಆರಿದರೆ ಮತ್ತೆ ಟೊಂಗೆ. ದೀಪ ನೆಟ್ಟಗೆ ಉರಿದರೆ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿಯುವುದು. ದೀಪ ಸುಳ್ಳು ಹೇಳುವುದಿಲ್ಲ ಎನ್ನುವುದು ಅವನ ಅಪ್ಪ ಬಿಟ್ಟುಹೋದ ಆಸ್ತಿ. ಬೇರೆ ಆಸ್ತಿ ಇರಲಿಲ್ಲ.

ಹರೆಯದಲ್ಲಿ ಒಮ್ಮೆ ಮಾತ್ರ ಅವನು ದೀಪಕ್ಕಿಂತ ಮೊದಲು ಇಳಿದಿದ್ದ. ಕಾಲು ಕಾಳಿಗೆ ತಾಕಿದ್ದೇ ಕಿವಿಯಲ್ಲಿ ಜೇನುಹುಳ ಹೊಕ್ಕಂತೆ ಗುಂಯ್ ಎಂದಿತು. ಮೊಣಕಾಲು ನೀರಾಯಿತು, ನಾಲಿಗೆ ದಪ್ಪವಾಯಿತು. ಹೆದರಿಕೆ ಆಗಬೇಕಿತ್ತು, ಆಗಲಿಲ್ಲ, ನಗು ಬಂತು. ಮೇಲಿದ್ದ ಅಪ್ಪನಿಗೆ ಕೇಳಿಸಿದ್ದು ಆ ನಗು. ಅವನು ಹಗ್ಗ ಎಳೆದು ಮಗನನ್ನು ಅಂಗಳಕ್ಕೆ ಕೆಡವಿ, ಉಸಿರು ಬಂದ ಮೇಲೆ ಎರಡು ಬಾರಿಸಿದ. ಅಂದಿನಿಂದ ತುಳಜಪ್ಪ ದೀಪ ಬಿಟ್ಟು ಹೆಜ್ಜೆ ಇಟ್ಟವನಲ್ಲ.

ಅಷ್ಟು ಗಟ್ಟಿ ಕೈಯ ಮನುಷ್ಯ ಹಗೇವಿನಿಂದ ಹೊರಗೆ ಬಂದರೆ ಎಲ್ಲದರಲ್ಲೂ ಗೊಂದಲ. ಅವನು ಊರ ಹೊರಗಿನ ಕೇರಿಯವನು. ಸಾಹುಕಾರ ಶಿವಶಂಕರಪ್ಪನಂಥವರ ದೊಡ್ಡ ಮನೆಗಳ ಅಂಗಳದವರೆಗೂ, ಅಂಗಳದಡಿಯ ಹಗೇವಿನೊಳಗೂ ಅವನಿಗೆ ದಾರಿಯಿತ್ತು. ಪಡಸಾಲೆ ಮಾತ್ರ ಹತ್ತುವಂತಿರಲಿಲ್ಲ. ಅವನು ಕೈಯಿಂದ ತುಂಬಿಕೊಟ್ಟ ಜೋಳ ಅಡುಗೆಮನೆಗೆ ಹೋಗುತ್ತಿತ್ತು. ಒಣ ಕಾಳಿಗೆ ಮೈಲಿಗೆ ಇಲ್ಲವಂತೆ. ಅದು ಹೇಗೆ ಎಂದು ಯಾರಾದರೂ ಕೆಣಕಿದರೆ ಅವನು ತಲೆ ಕೆರೆದುಕೊಂಡು, "ತಿಳೀವಲ್ದು ನೋಡ್ರಿ" ಎನ್ನುತ್ತಿದ್ದ. ಯುದ್ಧ ಜರ್ಮನಿಯಲ್ಲಿ ನಡೆದರೆ ಪೆದ್ದೆಮುಲ್‌ನ ಜೋಳವನ್ನು ನಿಜಾಮ ಸರಕಾರ ಲೆವಿ ಎಂದು ಯಾಕೆ ಒಯ್ಯುತ್ತದೆ ಎಂದು ಕೇಳಿದರೂ ಅದೇ ಉತ್ತರ. ಹುಡುಗರು ಅವನ ಹಿಂದೆ 'ತಿಳೀವಲ್ದು ತುಳಜಪ್ಪ' ಎಂದೇ ಕರೆಯುತ್ತಿದ್ದರು. ಅವನಿಗೆ ಅದೂ ಸಿಟ್ಟು ತರಿಸುತ್ತಿರಲಿಲ್ಲ.

ಒಂದು ವಿಷಯ ಮಾತ್ರ ತನಗೆ ತಿಳಿದಿದೆ ಎಂದು ಅವನು ನಂಬಿದ್ದ. ಅವನ ಒಬ್ಬಳೇ ಮಗಳು ಬಾಲಮಣಿ ಮೊದಲ ಹೆರಿಗೆಗೆ ತವರಿಗೆ ಬಂದಾಗ ಚಳಿಗಾಲ. ಬಾಣಂತಿ ಮಲಗುವ ಹೊರಸಿನ ಕೆಳಗೆ ಹಗಲೂ ರಾತ್ರಿ ಬೆಂಕಿ ಇರಬೇಕು ಎಂಬುದು ರೂಢಿ. ಸಗಣಿಯ ಕುಳ್ಳು ಉರಿದು ಕೋಣೆ ತುಂಬ ಹೊಗೆ ಕವಿಯಿತು. ಬಾಲಮಣಿಯ ಕಣ್ಣು ಕೆಂಡದಂತಾದವು. ಎಳೆಗೂಸು ಕೆಮ್ಮಿ ಕೆಮ್ಮಿ ನೀಲಿಗಟ್ಟಿ, ತೊಟ್ಟಿಲ ಶಾಸ್ತ್ರಕ್ಕೂ ನಿಲ್ಲದೆ ಹೋಯಿತು. ಅದಕ್ಕೆ ಹೆಸರಿಡುವ ಮೊದಲೇ ಮಣ್ಣು ಮಾಡಿ ಬಂದ ತುಳಜಪ್ಪ ಹೆಂಡತಿ ಉಮಾಬಾಯಿಯ ಮುಂದೆ ಒಂದೇ ಮಾತು ಆಡಿದ್ದ. ಇನ್ನು ಈ ಮನೆಯಲ್ಲಿ ಬಾಣಂತಿಗೆ ಹೊಗೆ ತಾಕಬಾರದು.

ಬಾಲಮಣಿ ಎರಡನೆಯ ಸಲ ಬಸುರಾದಾಗ ಅವನು ಮನೆಯ ಹಿಂಬದಿಗೆ ಒಂದು ಸಣ್ಣ ಕೋಣೆ ಕಟ್ಟಿದ. ಆ ಸೀಮೆಯಲ್ಲಿ ಕಲ್ಲಿಗೇನು ಬರ? ಗೋಡೆಗೂ ಫರಸಿ, ಮೇಲೆ ಹೊದಿಸುವುದಕ್ಕೂ ಫರಸಿ, ಮಾಳಿಗೆಯ ನಡುವೆ ಬೆಳಕಿಂಡಿ. ಹೊಗೆಯ ಚಿಂತೆಯನ್ನು ಅಳಿಯ ಮಾಣಿಕ ಕಳೆದ. ಅವನು ಬಶೀರಾಬಾದಿನವನು, ತಾಂಡೂರು ಸ್ಟೇಷನ್ನಿನಲ್ಲಿ ಇಂಜಿನ್ನಿಗೆ ಕಲ್ಲಿದ್ದಲು ತುಂಬುವ ಕೂಲಿ. ಇಂಜಿನ್ನು ಉದುರಿಸಿ ಹೋದ ಅರೆಬೆಂದ ಇದ್ದಲನ್ನು ಹಳಿಗಳ ನಡುವೆ ಆರಿಸಿ, ಗೋಣಿಯಲ್ಲಿ ತುಂಬಿ, ಸಂತೆಗೆ ಬಂದ ಬಂಡಿಯಲ್ಲಿ ಹಾಕಿಸಿಕೊಂಡು ಬಂದ. ಅಂಗಳದಲ್ಲಿ ಒಂದು ಬೋಗುಣಿ ತುಂಬ ಹೊತ್ತಿಸಿ ತೋರಿಸಿದ. ಮೊದಲು ಒಂದಿಷ್ಟು ಹೊಗೆಯಾಡಿತು. ಆಮೇಲೆ ಕೆಂಪಗೆ ನಿಗಿನಿಗಿ ಕೆಂಡ. ಹೊಗೆಯ ಎಳೆಯೂ ಇಲ್ಲ.

"ರೈಲು ತಿನ್ನೋ ಬೆಂಕಿ ಇದು ಮಾಮಾ. ಹೈದರಾಬಾದಿನ ತನಕ ಎಳೀತದ. ನಿಮ್ಮ ಮಗಳನ್ನ ಬೆಚ್ಚಗ ಇಡೋದು ಇದಕ್ಕೇನು ಭಾರ?"

ಸೂಲಗಿತ್ತಿ ಮೋನಮ್ಮ ಬೋಗುಣಿಯ ಮೇಲೆ ಬಗ್ಗಿ ಮೂಸಿ ನೋಡಿ, ಕುಳ್ಳಿಗಿಂತ ಇದು ಲಕ್ಷ ಪಾಲು ಒಳ್ಳೆಯದು ಎಂದಳು. ಇನ್ನು ಹೊಗೆ ಹೋಗಲು ಬೆಳಕಿಂಡಿ ಯಾಕೆ ತೆರೆದಿರಬೇಕು, ಅದರಿಂದ ಇಳಿಯುವ ಥಂಡಿಯೇ ಬಾಣಂತಿಗೆ ಮೃತ್ಯು ಎಂದೂ ಹೇಳಿದಳು. ಮಾತು ಸರಿ ಎನಿಸಿತು. ತುಳಜಪ್ಪ ಮಾಳಿಗೆ ಹತ್ತಿ ಬೆಳಕಿಂಡಿಗೆ ಫರಸಿ ಮುಚ್ಚಿದ. ತನಗೆ ಬರುವ ವಿದ್ಯೆಯನ್ನು ಮಗಳಿಗಾಗಿ ಬಳಸುವ ಸಂತೋಷದಲ್ಲಿ, ಹಗೇವಿನ ಬಾಯಿಗೆ ಮೆತ್ತುವ ಹಾಗೆ ಬೂದಿ ಮಣ್ಣು ಕಲಸಿ ಸುತ್ತ ಮೆತ್ತಿದ. ಬಾಗಿಲ ಸಂದಿಗೆ ಉಮಾಬಾಯಿ ಹಳೆಯ ಸೀರೆ ತುರುಕಿದಳು. ಹೆರಿಗೆ ಸಲೀಸಾಗಿ ಆಯಿತು. ಹೆಣ್ಣು ಕೂಸು. ಹುಟ್ಟಿದ್ದೇ ಕೇರಿಯೆಲ್ಲ ಕೇಳುವಂತೆ ಅತ್ತಿತು.

ಮೊದಲ ದಿನಗಳು ಹಬ್ಬದಂತೆ ಹೋದವು. ಕೆಮ್ಮಿಲ್ಲ, ಕಣ್ಣೀರಿಲ್ಲ. ನೋಡಲು ಬಂದ ಹೆಂಗಸರಿಗೆ ಉಮಾಬಾಯಿ ಕೂಸಿಗಿಂತ ಮೊದಲು ಬೆಂಕಿಯನ್ನು ತೋರಿಸುತ್ತಿದ್ದಳು. ಆದರೆ ಚಳಿ ಹೆಚ್ಚಿ, ಬೋಗುಣಿಯಲ್ಲಿ ಇದ್ದಲು ಹೆಚ್ಚಿದಂತೆ ಬಾಲಮಣಿ ತಲೆ ಸಿಡಿಯುತ್ತದೆ ಎನ್ನತೊಡಗಿದಳು. ತಿಂದದ್ದು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಒಂದು ಮುಂಜಾನೆ ಗಂಜಿ ತಂದ ತಾಯಿಯನ್ನು ನೋಡಿ, ನೀ ಯಾರವ್ವಾ ಎಂದು ಕೇಳಿದಳು.

ಕೂಸು ಅಳುವುದನ್ನು ಬಿಟ್ಟಿತ್ತು. ಕೆನ್ನೆ ಕೆಂಪಗೆ, ಮೈ ಬೆಚ್ಚಗೆ, ಸದಾ ನಿದ್ದೆ. ಎಂಥ ಶಾಣ್ಯಾ ಕೂಸು ಎಂದು ಬಂದವರೆಲ್ಲ ಹೊಗಳಿ ಹೋಗುತ್ತಿದ್ದರು. ಹೊಗಳಿಕೆ ಕೇಳುತ್ತ ಹೊಸ್ತಿಲಲ್ಲಿ ಕೂತ ತುಳಜಪ್ಪನಿಗೆ ಮಾತ್ರ ಸಮಾಧಾನವಿರಲಿಲ್ಲ. ಹುಟ್ಟಿದಾಗ ಅಷ್ಟು ಅತ್ತ ಕೂಸು ಹಸಿವಿಗೂ ಅಳದಷ್ಟು ಶಾಣ್ಯಾ ಆದದ್ದು ಹೇಗೆ?

ಕಾರಣಗಳಿಗೇನೂ ಕೊರತೆ ಇರಲಿಲ್ಲ. ಯಾರದೋ ಕಣ್ಣು ತಾಕಿದೆ ಎಂದು ಮೋನಮ್ಮ ಉಪ್ಪು ಮೆಣಸಿನಕಾಯಿ ಇಳಿಸಿ ಅದೇ ಕೆಂಡಕ್ಕೆ ಹಾಕಿದಳು. ಹೆಸರಿಲ್ಲದೆ ಹೋದ ಮೊದಲ ಕೂಸು ತಾಯಿಯನ್ನು ಕರೆಯುತ್ತಿದೆ ಎಂದು ಉಮಾಬಾಯಿ ಗುಟ್ಟಾಗಿ ಅತ್ತಳು. ಎರಡು ಗೋಣಿ ಇದ್ದಲು ಮತ್ತೆ ತಂದ ಮಾಣಿಕನು, ಬಾಣಂತಿಗೆ ಶಾಖ ಸಾಲುತ್ತಿಲ್ಲ, ಇನ್ನಷ್ಟು ಹಾಕಿ ಎಂದ. ಶಿವಶಂಕರಪ್ಪ ತನ್ನ ಅಂಗಳದಲ್ಲಿ ನಿಲ್ಲಿಸಿಕೊಂಡೇ ವಿಚಾರಿಸಿ, ತಾಂಡೂರಿನ ಹಕೀಮನಿಗೆ ತೋರಿಸು ಎಂದು ಹೇಳಿ, ಅದೇ ಉಸಿರಿನಲ್ಲಿ ಲೆವಿಯವರು ಬರುವ ಮೊದಲು ಹಗೇವು ತೆಗೆಯಬೇಕೆಂದೂ ಹೇಳಿದ. ಒಬ್ಬೊಬ್ಬರ ಮಾತು ಕೇಳಿದಾಗಲೂ ತುಳಜಪ್ಪನಿಗೆ ಅದೇ ನಿಜ ಎನಿಸುತ್ತಿತ್ತು. ಮನೆ ತಲುಪುವಷ್ಟರಲ್ಲಿ ಎಲ್ಲ ಒಂದರಲ್ಲೊಂದು ಕಲಸಿಹೋಗುತ್ತಿತ್ತು.

ಇನ್ನೊಂದು ಒಗಟಿತ್ತು. ಹಿತ್ತಿಲಲ್ಲಿ ಜೋಳದ ದಂಟಿನ ತಡಿಕೆಯ ಮರೆಗೆ ಕೂಡಿಸಿ ನೀರು ಹಾಕುವಾಗ ಬಾಲಮಣಿ ನೆಟ್ಟಗಿರುತ್ತಿದ್ದಳು. ತಾಯಿಯನ್ನು ಯವ್ವಾ ಎಂದು ಕರೆಯುತ್ತಿದ್ದಳು, ನೀರು ಸುಡುತ್ತದೆ ಎಂದು ಮೋನಮ್ಮನಿಗೆ ಬೈಯುತ್ತಿದ್ದಳು. ಕೋಣೆಗೆ ಮರಳಿ ಹೊರಸು ಹತ್ತಿದರೆ ಸ್ವಲ್ಪ ಹೊತ್ತಿಗೆ ಮತ್ತೆ ಮಂಕು. ಬಿಸಿನೀರಿನ ಗುಣ ಅದು ಎಂದು ಮೋನಮ್ಮ ಇನ್ನೆರಡು ಕೊಡ ಹೆಚ್ಚಿಗೆ ಹಾಕಿಸಿದಳು.

ತುಳಜಪ್ಪ ತನಗೆ ತಿಳಿದ ಒಂದೇ ದಾರಿ ಹಿಡಿದ. ದೀಪ ಹೊತ್ತಿಸಿ ಹೊಸ್ತಿಲೊಳಗೆ ಇಟ್ಟ. ನೆಟ್ಟಗೆ ಉರಿಯಿತು. ಹೊರಸಿನ ಹತ್ತಿರ ಸರಿಸಿದ, ಉರಿಯಿತು. ಮೂಲೆ ಮೂಲೆಗೆ ಇಟ್ಟು ನೋಡಿದ. ಎಲ್ಲಿಯೂ ಕುಡಿ ಅಲುಗಲಿಲ್ಲ. ಹಾಗಾದರೆ ಹವೆ ಚೆನ್ನಾಗಿಯೇ ಇದೆ. ಆದರೂ ಇರಲಿ ಎಂದು ಬೇವಿನ ಟೊಂಗೆ ತಂದು ಬೀಸಿದ. ಥಂಡಿ ಹೊಗುತ್ತದೆ ಎಂದು ಬಾಗಿಲು ಮುಚ್ಚಿಕೊಂಡೇ ಬೀಸಿದ. ಒಳಗಿನದು ಒಳಗೇ ಸುತ್ತಿತು.

ಮೋನಮ್ಮ ಬಾಗಿಲ ಆಚೆ ನಿಂತು ನಕ್ಕಳು. "ಏನಪಾ, ಮಗಳನ್ನ ಜೋಳ ಅಂತ ತಿಳಿದಿ ಏನು?"

"ದೀಪ ಉರೀತದ ಮೋನಮ್ಮ. ಹವಾ ಛಲೋ ಅದ. ಮತ್ತ ಹಿಂಗ್ಯಾಕ? ತಿಳೀವಲ್ದು."

"ನಿನಗ ಯಾವಾಗ ತಿಳಿದದ, ಇವತ್ತು ತಿಳೀಲಾಕ?"

ಮರುದಿನ ಮೋಡ ಕವಿದಿತ್ತು. ಮಧ್ಯಾಹ್ನಕ್ಕೂ ಬಿಸಿಲು ಕಾಣಲಿಲ್ಲ. ಮೋನಮ್ಮನ ಜೊತೆ ಬೇರಿನ ಔಷಧಿ ತರಲು ಹೊರಟ ಉಮಾಬಾಯಿ, ಬರುವವರೆಗೆ ಕೆಂಡ ಆರದಂತೆ ನೋಡಿಕೋ ಎಂದು ಗಂಡನಿಗೆ ಹೇಳಿ ಹೋದಳು. ಗಂಡಸರು ಬಾಣಂತಿ ಕೋಣೆಯಲ್ಲಿ ಕೂಡುವ ವಾಡಿಕೆಯಿಲ್ಲ. ಆದರೆ ಬೇರೆ ಯಾರೂ ಇರಲಿಲ್ಲ. ತುಳಜಪ್ಪ ಬಾಗಿಲು ಮುಚ್ಚಿ, ಮಗಳ ಕಡೆಗೆ ಬೆನ್ನು ಮಾಡಿ, ಗೋಡೆಗೆ ಭುಜ ಆನಿಸಿ ಕೂತ. ಎದುರಿಗೆ ದೀಪ ಇಟ್ಟುಕೊಂಡ. ಕೋಣೆಯ ಬೆಚ್ಚನೆ ಮೈಗೆ ಹಿತವಾಗಿತ್ತು. ಬಾಲಮಣಿ ನಿದ್ದೆಯಲ್ಲಿ ಏನೋ ಗುನುಗಿದಳು. ಅವನು ಒಮ್ಮೆ ಕೆಂಡ ಕೆದಕಿ ಮತ್ತೊಂದು ಹಿಡಿ ಇದ್ದಲು ಹಾಕಿದ.

ಸ್ವಲ್ಪ ಹೊತ್ತಿಗೆ ಹಣೆ ಬಿಗಿಯಿತು. ರಾತ್ರಿ ನಿದ್ದೆಯಿಲ್ಲ, ಅದಕ್ಕೆ ಎಂದುಕೊಂಡ. ಕಿವಿಯಲ್ಲಿ ಸಣ್ಣಗೆ ಗುಂಯ್ ಎಂದಿತು. ವಯಸ್ಸಾಯಿತು ಎಂದುಕೊಂಡ. ಎದುರಿನ ದೀಪ ಎರಡಾಗಿ ಕಂಡಿತು, ಮತ್ತೆ ಒಂದಾಯಿತು. ಎರಡಾದಾಗಲೂ ಎರಡೂ ನೆಟ್ಟಗೇ ಉರಿಯುತ್ತಿದ್ದವು. ಅದನ್ನು ನೋಡಿ ಅವನಿಗೆ ನಗು ಬಂತು. ಸತ್ಯ ಹೇಳುವ ದೀಪ ಒಂದಿದ್ದದ್ದು ಎರಡಾದರೆ ಸತ್ಯವೂ ಎರಡೇ ಎಂದು ಯೋಚಿಸಿ ಮತ್ತೆ ನಕ್ಕ. ಆ ನಗು ಅವನ ಕಿವಿಗೆ ಬಿತ್ತು. ಎಲ್ಲೋ ಕೇಳಿದ ನಗು ಅದು.

ಹಗೇವಿನ ತಳದಲ್ಲಿ ಕೇಳಿದ್ದು.

ಏಳಬೇಕೆಂದು ಕೈ ಊರಿದ. ಮೊಣಕಾಲು ನೀರಾಗಿತ್ತು. ದೀಪದ ಕಡೆ ನೋಡಿದ. ಅದು ಹವೆ ಚೆನ್ನಾಗಿದೆ ಎನ್ನುತ್ತಿತ್ತು. ಮೊಣಕಾಲು ಹವೆ ಸತ್ತಿದೆ ಎನ್ನುತ್ತಿತ್ತು. ಅಪ್ಪ ಹೇಳಿದ್ದು ದೀಪದ ಮಾತು. ಅಪ್ಪ ಹಗ್ಗ ಎಳೆದದ್ದು ನಗು ಕೇಳಿ. ಯಾವುದನ್ನು ನಂಬಬೇಕು? ಅವನ ತಲೆಯಲ್ಲಿ ಎರಡೂ ಬೇವಿನ ಟೊಂಗೆಯಂತೆ ಏರಿ ಇಳಿದವು. ಇಷ್ಟರಲ್ಲಿ ಕಣ್ಣು ಕೂಸಿನ ಮೇಲೆ ಬಿತ್ತು. ತಾಯಿಯ ಮಗ್ಗುಲಿಂದ ಅದರ ಪುಟ್ಟ ಕೈ ಹೊರಸಿನ ಅಂಚಿಗೆ ಜೋತುಬಿದ್ದಿತ್ತು. ಅವನು ಬೆರಳು ತಾಕಿಸಿದ. ಎಳೆಗೂಸುಗಳು ಬೆರಳು ತಾಕಿದರೆ ಹಿಡಿಯುತ್ತವೆ. ಇದು ಹಿಡಿಯಲಿಲ್ಲ.

ಮೇಲಿನಿಂದ ಹಗ್ಗ ಎಳೆಯುವವರು ಇಲ್ಲಿ ಯಾರೂ ಇರಲಿಲ್ಲ. ಅವನು ಕೂಸನ್ನು ಎದೆಗೆ ಅವಚಿ, ಒಂದು ಕೈಯೂರಿ ಅಂಬೆಗಾಲಿಟ್ಟು ಬಾಗಿಲಿಗೆ ಹೋದ. ಸಂದಿಗೆ ತುರುಕಿದ ಸೀರೆ ಸಿಕ್ಕಿ ಬಾಗಿಲು ತೆರೆಯಲಿಲ್ಲ. ಸೀರೆಯನ್ನು ಹಲ್ಲಿನಿಂದ ಎಳೆದ, ಬಾಗಿಲನ್ನು ಭುಜದಿಂದ ದೂಡಿದ. ಹೊರಗಿನ ಚಳಿ ಮುಖಕ್ಕೆ ಹೊಡೆಯಿತು. ಕೂಸನ್ನು ಕಟ್ಟೆಯ ಮೇಲೆ ಮಲಗಿಸಿ, ನಾಲ್ಕು ಉಸಿರು ಎಳೆದುಕೊಂಡು, ಆಮೇಲೆ ಒಳಗೆ ಹೋಗಿ ಮಗಳನ್ನು ಹೊರಸಿನ ಸಮೇತ ಹೊಸ್ತಿಲವರೆಗೆ ಎಳೆದ. ಬೋಗುಣಿಯನ್ನು ಕಾಲಿನಿಂದ ಒದ್ದು ಅಂಗಳಕ್ಕೆ ತಳ್ಳಿದ. ಅಂಗಾಲು ಸುಟ್ಟಿತು. ಅದು ಅವನಿಗೆ ಗೊತ್ತಾದದ್ದು ಸಂಜೆಗೆ.

ಔಷಧಿ ತಂದ ಹೆಂಗಸರು ಕಂಡದ್ದು ಮೋಡದ ಥಂಡಿಗೆ ಹೊಸ್ತಿಲಲ್ಲಿ ಬಿದ್ದ ಬಾಣಂತಿಯನ್ನು, ಮಾಳಿಗೆಯ ಮೇಲೆ ಸನಿಕೆಯಿಂದ ತನ್ನದೇ ಮಣ್ಣನ್ನು ಕೆತ್ತುತ್ತಿದ್ದ ತುಳಜಪ್ಪನನ್ನು.

ಮೋನಮ್ಮ ಎದೆ ಬಡಿದುಕೊಂಡಳು. "ಹುಚ್ಚು ಹಿಡಿದದ ಇವನಿಗೆ. ಕೂಸಿಗೆ ಥಂಡಿ ಬಡಿದು ಸತ್ತರ ಯಾರ ಕೊರಳಿಗಿ?"

"ನನ್ನ ಕೊರಳಿಗೇ" ಎಂದ ತುಳಜಪ್ಪ. ಫರಸಿ ಸರಿಯಿತು. ಕೋಣೆಯ ನೆಲದ ಮೇಲೆ ಮಬ್ಬು ಬೆಳಕಿನ ಒಂದು ತುಂಡು ಬಿತ್ತು.

ಉಮಾಬಾಯಿ ಕೂಸನ್ನು ಎತ್ತಿ ಸೆರಗಿನಲ್ಲಿ ಸುತ್ತಿದಳು. ಅದು ಬಟ್ಟೆಯ ಮುದ್ದೆಯಂತೆ ಇತ್ತು. ಅಂಗಾಲು ತಿಕ್ಕಿದಳು, ಬೆನ್ನು ಸವರಿದಳು. ಮಾಳಿಗೆಯಿಂದ ಇಳಿಯಲೂ ಧೈರ್ಯ ಸಾಲದೆ ತುಳಜಪ್ಪ ಅಲ್ಲಿಯೇ ಕುಕ್ಕರಗಾಲಲ್ಲಿ ಕೂತ. ತಾನು ಮಾಡಿದ್ದು ಸರಿಯೋ ತಪ್ಪೋ ಅವನಿಗೆ ತಿಳಿಯಲಿಲ್ಲ. ದೀಪ ಇನ್ನೂ ಕೋಣೆಯೊಳಗೆ ಉರಿಯುತ್ತಲೇ ಇತ್ತು, ಮೇಲಿನಿಂದ ಕಾಣುತ್ತಿತ್ತು. ಬಹಳ ಹೊತ್ತಿನ ಮೇಲೆ ಕೂಸಿನ ಮುಖ ಸುಕ್ಕುಗಟ್ಟಿತು, ಬಾಯಿ ತೆರೆಯಿತು. ಮೊದಲು ದನಿ ಬರಲಿಲ್ಲ. ಆಮೇಲೆ ಬಂತು, ಹುಟ್ಟಿದ ದಿನದಂತೆ, ಕೇರಿಯೆಲ್ಲ ಕೇಳುವಂತೆ. ಆ ದನಿಗೆ ಬಾಲಮಣಿ ಕಣ್ಣು ತೆರೆದಳು. ತಲೆ ಹಿಡಿದುಕೊಂಡು ಸುತ್ತ ನೋಡಿ, ತನ್ನನ್ನು ಹೊಸ್ತಿಲಲ್ಲಿ ಯಾಕೆ ಹಾಕಿದ್ದೀರಿ ಎಂದಳು. ಮೇಲೆ ನೋಡಿ ಕೇಳಿದಳು:

"ಯಪ್ಪಾ, ಮಾಳಗಿ ಮ್ಯಾಲ ಕುಂತು ಯಾಕ ಅಳ್ಲಕತ್ತಿದಿ?"

ಅಂದು ಸಂಜೆಯೇ ತಕರಾರು ಎದ್ದಿತು. ಕುಳ್ಳಿನ ಬೆಂಕಿ ಇಟ್ಟರೆ ಹೊಗೆ. ಇದ್ದಲಿಟ್ಟರೆ ಈ ಮಂಕು. ಬೆಂಕಿಯೇ ಬೇಡವೆಂದರೆ ಚಳಿ. ಒಂದು ಕೂಸನ್ನು ಒಂದರಿಂದ ಕಳೆದುಕೊಂಡವರು ಇನ್ನೊಂದನ್ನು ಇನ್ನೊಂದರಿಂದ ಕಳೆದುಕೊಳ್ಳಬೇಕೇ ಎಂದು ಉಮಾಬಾಯಿ ಕೇಳಿದಳು. ತುಳಜಪ್ಪ ಅಂಗಳಕ್ಕೆ ಒದ್ದ ಬೋಗುಣಿಯ ಕೆಂಡಗಳ ಮುಂದೆ ಕೂತು, ಅವು ತಾಕಿ ಕಾದಿದ್ದ ಫರಸಿಯ ತುಂಡೊಂದನ್ನು ಸುಮ್ಮನೆ ಮುಟ್ಟುತ್ತ ಇದ್ದ. ಕೊನೆಗೆ ಅದನ್ನು ಗೋಣಿಯಲ್ಲಿ ಸುತ್ತಿ ಒಳಗೆ ಒಯ್ದು ಹೊರಸಿನ ಕೆಳಗೆ ಇಟ್ಟ. ಬೆಂಕಿ ಹೊರಗೇ ಇರಲಿ, ಶಾಖ ಮಾತ್ರ ಒಳಗೆ ಬರಲಿ. ಕಲ್ಲು ಆರಿದಂತೆಲ್ಲ ಇನ್ನೊಂದು ತರುವುದು. ಬೆಳಕಿಂಡಿ ಅರ್ಧ ತೆರೆದೇ ಇತ್ತು. ಕೂಸಿಗೆ ಥಂಡಿ ತಾಕಿ ಮೂಗು ಸೋರಿತು. ಮೋನಮ್ಮ ಅದನ್ನು ಎಲ್ಲರಿಗೂ ಎತ್ತಿ ತೋರಿಸಿದಳು. ಆದರೆ ಕೂಸು ಹಸಿದರೆ ಅತ್ತಿತು, ತುಂಬಿದರೆ ಮಲಗಿತು.

ಮುಂದಿನ ಸಲ ಬಂದ ಮಾಣಿಕನಿಗೆ ತನ್ನ ಇದ್ದಲು ತಿಪ್ಪೆಯ ಮೇಲೆ ಬಿದ್ದದ್ದನ್ನು ಕಂಡು ಮುಖ ಇಳಿಯಿತು. ಎಲ್ಲ ಕೇಳಿದ ಮೇಲೆ, ಚಳಿಗಾಲದಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು ಇದ್ದಲ ಅಗ್ಗಿಷ್ಟಿಕೆ ಉರಿಸಬಾರದೆಂದು ಇಂಜಿನ್ನಿನವರು ಅಂದದ್ದು ತನಗೆ ನೆನಪಿದೆ ಎಂದ.

ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಉಮಾಬಾಯಿ ಅಳಿಯನೆಂದೂ ನೋಡದೆ ಏರಿಹೋದಳು. ಅವನು ತಲೆ ತಗ್ಗಿಸಿದ. "ಅದು ರೈಲಿನವರ ಕಾನೂನು ಅನ್ಕೊಂಡಿದ್ದೆ ಅತ್ತಿ. ಮನಿಗೂ ಅದ ಅಂತ ನನಗೇನು ಗೊತ್ತು?"

ತುಳಜಪ್ಪ ಅವನನ್ನು ಬೈಯಲಿಲ್ಲ. ಬೆಳಕಿಂಡಿಗೆ ಹಗೇವಿನ ಮಣ್ಣು ಮೆತ್ತಿದ ಕೈ ತನ್ನದೇ ಆಗಿತ್ತು. ಅವನಿಗೆ ಬೇಕಾಗಿದ್ದುದು ಒಂದೇ ಪ್ರಶ್ನೆಗೆ ಉತ್ತರ. ದೀಪ ಯಾಕೆ ಆರಲಿಲ್ಲ? ಹಗೇವಿನ ಸತ್ತ ಹವೆಯಲ್ಲಿ ಆರುವ ದೀಪ ಇಲ್ಲಿ ಯಾಕೆ ಮಗಳು ಸಾಯುತ್ತಿದ್ದರೂ ನಗುನಗುತ್ತ ಉರಿಯಿತು? ಮಾಣಿಕನನ್ನು ಕೇಳಿದ, ಮೋನಮ್ಮನನ್ನು ಕೇಳಿದ. ಶಿವಶಂಕರಪ್ಪನ ಅಂಗಳದಲ್ಲಿ ನಿಂತು ಅವನನ್ನೂ ಕೇಳಿದ. ಶಿವಶಂಕರಪ್ಪ ಪಡಸಾಲೆಯಲ್ಲಿ ಕೂತು ಬಹಳ ಯೋಚಿಸಿ, ದೀಪ ಜೋಳದ ಗುಂಡಿಗೆ ಮಾಡಿದ್ದು, ಮನುಷ್ಯರ ಕೋಣೆಗಲ್ಲ ಎಂದ. ಅದೂ ಸರಿ ಎನಿಸಿತು. ಮನೆಗೆ ಬರುವಷ್ಟರಲ್ಲಿ ಅಲ್ಲ ಎನಿಸಿತು.

ಲೆವಿಯವರು ಬರುವ ಹಿಂದಿನ ದಿನ ಶಿವಶಂಕರಪ್ಪನ ಹಗೇವು ತೆಗೆದರು. ತುಳಜಪ್ಪ ಟೊಂಗೆ ಆಡಿಸಿದ, ದೀಪ ಇಳಿಸಿದ. ನೆಟ್ಟಗೆ ಉರಿಯಿತು. ಹಗ್ಗ ಹಿಡಿದವರು ಇನ್ನು ಇಳಿ ಎಂದರು. ಅವನು ಕಾಲು ಇಳಿಬಿಟ್ಟು, ಸೊಂಟದವರೆಗೆ ಇಳಿದು, ಮೊಣಕೈಗಳನ್ನು ಬಾಯಂಚಿಗೆ ಊರಿ ನಿಂತುಬಿಟ್ಟ. ಆಮೇಲೆ ಕುತ್ತಿಗೆಯವರೆಗೆ ಇಳಿದು ಮತ್ತೆ ನಿಂತ. ಕಣ್ಣು ಮುಚ್ಚಿ ತನ್ನ ಕಿವಿಯನ್ನೂ ಮೊಣಕಾಲನ್ನೂ ಕೇಳುತ್ತಿದ್ದ.

"ಏನು ತುಳಜಪ್ಪ, ದೀಪ ಉರೀಲಕತ್ತದಲ್ಲ?" ಎಂದ ಶಿವಶಂಕರಪ್ಪ.

"ಉರೀತದ್ರಿ."

"ಮತ್ತ ಯಾಕ ನಿಂತಿ?"

ಊರ ಹೊರಗಿನ ಕೇರಿ ಅಲ್ಲಿಂದ ದೂರವಿರಲಿಲ್ಲ. ಆ ಕಡೆಯಿಂದ ಒಂದು ಎಳೆಗೂಸು ಹಸಿದು ಕಿರುಚುವುದು ಸಣ್ಣಗೆ ಕೇಳುತ್ತಿತ್ತು. ತುಳಜಪ್ಪ ಅದು ನಿಲ್ಲುವವರೆಗೂ, ಯಾರೋ ಅದಕ್ಕೆ ಹಾಲು ಕೊಟ್ಟರೆಂದು ಖಾತ್ರಿಯಾಗುವವರೆಗೂ ಹಾಗೆಯೇ ನಿಂತಿದ್ದು, ಹಗ್ಗ ಸಡಿಲಿಸಲು ಸನ್ನೆ ಮಾಡಿದ.

"ತಿಳೀವಲ್ದ್ರಿ" ಎಂದು ಹೇಳಿ ಕೆಳಗೆ ಇಳಿದ.